ಜೋಡಿಸೋದು ಬ್ಯಾರೆ, ಮಾಡೋದು ಬ್ಯಾರೆ!

ಹೋದ ವಾರ ಖಾನಾಪುರಕ್ಕೆ, ಅಕ್ಕನ ಮನೆಗೆ ಹೋಗಿದ್ದೆ. ಸೋದರಳಿಯ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಕೊನೇ ವರ್ಷ ಓದ್ತಾ ಇದ್ದಾನೆ. "ಪ್ರಾಜೆಕ್ಟ್ ಏನ್ ಮಾಡಾಕತ್ತೀಯೋ?" ಅಂದೆ. "ರೆಡಿಮೇಡ್ ಸಿಗ್ತೈತಿ ಮಾಮಾ, ರೊಕ್ಕ ಕೊಟ್ರ ರಿಪೋರ್ಟೂ ಅವ್ರೇ ಕೊಡ್ತಾರ" ಅಂದ! ಬೈಯೋಕೆ ಬಾಯಿ ತೆರೆಯೋದರೊಳಗೆ ಮೊಬೈಲ್ ಮುಂದೆ ಹಿಡಿದ. 1941ರಲ್ಲೇ ಬೆಂಗಳೂರಿನ ಎಚ್‌ಎಎಲ್ 'ತಯಾರಿಸಿದ' ಹಾರ್ಲೋ ಟ್ರೈನರ್ ವಿಮಾನದ ಫೋಟೋ. "ನಮ್ಮವ್ರೇನ್ ಕಡಿಮಿ?" ಅಂತ ಬೇರೆ ಕೇಳಿದ.

ಹೆಮ್ಮೆ ಬೇಡ ಅನ್ನಲ್ಲ ಸ್ವಾಮಿ. ಆದರೆ ಯಾವುದಕ್ಕೆ ಅಂತ ಗೊತ್ತಿರಬೇಕಲ್ಲ? ಆ ಹಾರ್ಲೋ ಪಿಸಿ-5 ಅಮೆರಿಕದ್ದು. ಸೈನಿಕ ಪೈಲಟ್‌ಗಳ ತರಬೇತಿಗೆಂದು 1939ರಲ್ಲಿ ಮಾದರಿ ವಿಮಾನ ಹಾರಿಸಿದರು, ಅಲ್ಲಿಯ ಸೈನ್ಯ ಕೊಳ್ಳಲಿಲ್ಲ. ಅದರ ಬಿಡಿಭಾಗಗಳು ಹಡಗಿನಲ್ಲಿ ಬಂದವು, ಬೆಂಗಳೂರಿನಲ್ಲಿ ಜೋಡಿಸಿದರು. 1940ರ ಕೊನೆಗೆ ಶುರುವಾದ ಕಾರ್ಖಾನೆಗೆ ಅದೂ ದೊಡ್ಡ ಕೆಲಸವೇ. ಆದರೆ ನಮ್ಮ ಖಾನಾಪುರದ ಹಂಚು ತಂದು ಮನೆಗೆ ಹೊದಿಸಿದವನು "ಹಂಚು ನಾನೇ ಸುಟ್ಟೆ" ಅಂದರೆ ಒಪ್ತೀರಾ?

ನಿಜವಾದ ತಮಾಷೆ ಇನ್ನೂ ಹಿಂದಿದೆ. ಪಿಸಿ-5ರ ಮೂಲ ಯಾವುದು ಗೊತ್ತೇ? ಕ್ಯಾಲಿಫೋರ್ನಿಯಾದ ಪಾಸಡೀನಾ ಜೂನಿಯರ್ ಕಾಲೇಜಿನ ಕ್ಲಾಸ್ ಪ್ರಾಜೆಕ್ಟ್! ಮ್ಯಾಕ್ಸ್ ಹಾರ್ಲೋ ಅಲ್ಲಿ ಮೇಷ್ಟ್ರು. ಹುಡುಗರ ಕೈಯಲ್ಲೇ ವಿಮಾನ ಕಟ್ಟಿಸಿದರು. 1937ರಲ್ಲಿ ಹಾರಿದ ಮೊದಲನೇದು ಪರೀಕ್ಷೆಯಲ್ಲಿ ಬಿದ್ದುಹೋಯಿತು. ಬಿಡಲಿಲ್ಲ, ಇನ್ನೊಂದು ಕಟ್ಟಿದರು. ಅಲ್ಲಿನ ಹುಡುಗರ ಪ್ರಾಜೆಕ್ಟ್ ಬೆಂಗಳೂರಿನ ಆಕಾಶ ಮುಟ್ಟಿತು. ನಮ್ಮ ಹುಡುಗರ ಪ್ರಾಜೆಕ್ಟ್ ಅಂಗಡಿಯಿಂದ ಬರುತ್ತೆ!

ಹೆಮ್ಮೆ ಬೇಕಾ? ಎಚ್‌ಟಿ-2 ನೋಡಿ. ನಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯಲ್ಲಿ ಹುಟ್ಟಿದ ಡಾ. ವಿ.ಎಂ. ಘಾಟಗೆ ಜರ್ಮನಿಯಲ್ಲಿ ಪ್ರಾಂಟಲ್ ಹತ್ತಿರ ಕಲಿತು ಬಂದು, ಬೆಂಗಳೂರಲ್ಲಿ ಪಾಠ ಹೇಳಿ, ಅದೇ ಎಚ್‌ಎಎಲ್‌ನಲ್ಲಿ ವಿನ್ಯಾಸ ಮಾಡಿದ ತರಬೇತಿ ವಿಮಾನ ಅದು. 1951ರಲ್ಲಿ ಹಾರಿತು. ನೂರೈವತ್ತಕ್ಕೂ ಹೆಚ್ಚು ತಯಾರಾದವು. ಜೋಡಿಸೋದರಿಂದ ಮಾಡೋದಕ್ಕೆ ಹತ್ತು ವರ್ಷ. ಆ ಹತ್ತು ವರ್ಷದ ಕಲಿಕೆಯ ಬಗ್ಗೆ ಯಾರೂ ಫಾರ್ವರ್ಡ್ ಕಳಿಸಲ್ಲ. ಗಡಿಗಾಗಿ ಗಂಟಲು ಹರಿದುಕೊಳ್ಳೋ ನಾವು, ಆ ಕಡೆಯವರು ಇಬ್ಬರೂ ಘಾಟಗೆಯವರ ಹೆಸರು ಎತ್ತಿದ್ದು ನಾನಂತೂ ಕೇಳಿಲ್ಲ.

ಈಗ ಬೆಳಗಾವಿ ಹತ್ತಿರದ ಹತ್ತರಗಿಯಲ್ಲೇ ವಿಮಾನದ ಬಿಡಿಭಾಗ ತಯಾರಾಗುತ್ತವೆ. ಒಳ್ಳೇದೇ. ಆದರೆ ನಾಳೆ ಇಡೀ ವಿಮಾನದ ವಿನ್ಯಾಸ ಮಾಡೋರು ಯಾರು? ರಿಪೋರ್ಟ್ ಕೊಂಡವರಾ?

ಬಸ್ ಹತ್ತೋವಾಗ ಅಳಿಯನಿಗೆ ಹೇಳಿ ಬಂದೆ: "ಹಾಳಾದ್ರೂ ಪರವಾಗಿಲ್ಲ, ನಿನ್ನ ಕೈಯಾರೆ ಒಂದು ಮಾಡು. ಸಾಮಾನಿನ ರೊಕ್ಕ ನಾ ಕೊಡ್ತೀನಿ."

ನಿಮ್ಮ ಮನೆ ಹುಡುಗರನ್ನೂ ಒಮ್ಮೆ ಕೇಳಿ ನೋಡಿ.