ತಂತಿ ಯಾರ ಕಡೆಯದು?

ಕರ್ನಾಟಕದ ಕರೆಂಟಿನ ಚರಿತ್ರೆ ಬರೆಯುವವರೆಲ್ಲ 1902ರಿಂದ ಶುರು ಮಾಡುತ್ತಾರೆ. ಶಿವನಸಮುದ್ರದಲ್ಲಿ ಕಾವೇರಿ ಧುಮುಕಿದಳು, ಜನರೇಟರ್ ತಿರುಗಿತು, ನಾಡು ಬೆಳಗಿತು ಎನ್ನುತ್ತಾರೆ. ಬೆಳಗಿದ್ದು ಯಾವ ನಾಡು? ಆ ವರ್ಷ ಜೂನ್ 30ರಂದು ಅಲ್ಲಿಂದ ಹೊರಟ ಕರೆಂಟು 140 ಕಿಲೋಮೀಟರಿಗೂ ಹೆಚ್ಚು ದೂರ ಓಡಿ ನೆಟ್ಟಗೆ ಕೋಲಾರದ ಚಿನ್ನದ ಗಣಿಗೆ ಹೋಯಿತು, ಜಾನ್ ಟೇಲರ್ ಕಂಪನಿಯ ಗಣಿಗೆ. ದಾರಿಯುದ್ದಕ್ಕೂ ಕಂಬ ನೆಟ್ಟ ಹಳ್ಳಿಗಳಲ್ಲಿ ಚಿಮಣಿ ಬುಡ್ಡಿಯೇ ಉರಿಯುತ್ತಿತ್ತು. ಬೆಂಗಳೂರಿನ ಬೀದಿಗೂ ದೀಪ ಬಂದದ್ದು 1905ರಲ್ಲಿ. ಲಂಡನ್ನಿನ ಷೇರುದಾರರ ಲಾಭ ಮೊದಲು, ಊರಿನ ಬೆಳಕು ಆಮೇಲೆ. ಅವತ್ತು ನಿಂತ ಆ ಸರದಿ ಇವತ್ತಿಗೂ ಕದಲಿಲ್ಲ. ಯಾದಗಿರಿ, ಶಹಾಪುರ, ಸುರಪುರದವರು ನಾವು ಆ ಸರದಿಯ ಕಟ್ಟಕಡೆಗೆ ನಿಂತವರು.

ನಿಜ ಹೇಳಬೇಕೆಂದರೆ ವಿದ್ಯುತ್ತು ಈ ದೇಶಕ್ಕೆ ದೀಪವಾಗಿ ಬರಲೇ ಇಲ್ಲ, ದೊರೆಗೆ ಸುದ್ದಿ ಮುಟ್ಟಿಸುವ ತಂತಿಯಾಗಿ ಬಂತು. 1851ರಲ್ಲಿ ಓಶಾನೆಸಿ ಎಂಬ ಕಂಪನಿ ಸರ್ಕಾರದ ವೈದ್ಯ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿಗೆ ಟೆಲಿಗ್ರಾಫ್ ಎಳೆದ. ನಾಲ್ಕೈದು ವರ್ಷಗಳಲ್ಲಿ ಅದು ದೇಶದ ದೊಡ್ಡ ಪಟ್ಟಣಗಳನ್ನು ಮುಟ್ಟಿತು. 1857ರ ದಂಗೆ ಹತ್ತಿಕ್ಕುವಾಗ ಬ್ರಿಟಿಷರ ಕೈಯಲ್ಲಿ ಆ ತಂತಿಯಿತ್ತು. 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಬೇಡರ ಪಡೆ ಕಟ್ಟಿಕೊಂಡು ಎದುರು ನಿಂತದ್ದು ಅಂಥ ಸರ್ಕಾರಕ್ಕೆ. ಸುರಪುರ ಬಿತ್ತು. ಎರಡೇ ವರ್ಷದಲ್ಲಿ ಬ್ರಿಟಿಷರು ಆ ಸಂಸ್ಥಾನವನ್ನು ನಿಜಾಮನಿಗೆ ಇನಾಮು ಕೊಟ್ಟಂತೆ ಒಪ್ಪಿಸಿಬಿಟ್ಟರು. ಶಾಲೆಯ ಪುಸ್ತಕದಲ್ಲಿ ಟೆಲಿಗ್ರಾಫ್ ಒಂದು ಆವಿಷ್ಕಾರ, ಅಷ್ಟೇ. ಅದು ಯಾರ ಕಿವಿಗೆ ಯಾರ ಸುದ್ದಿ ಒಯ್ಯಿತು ಎಂದು ಕೇಳುವ ಪ್ರಶ್ನೆಯೇ ಪರೀಕ್ಷೆಯಲ್ಲಿ ಬರುವುದಿಲ್ಲ.

ಈಗ 1985ಕ್ಕೆ ಬನ್ನಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ವರ್ಷ ಅದು. ಕಂಪ್ಯೂಟರ್ ಯುಗ ತೆರೆಯಿತೆಂದು ಈಗಲೂ ಸಂಭ್ರಮ. ಅದೇ ವರ್ಷ ನಮ್ಮ ಪಕ್ಕದ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಹೊತ್ತಿಕೊಂಡಿತು. ಆ ಸಂಭ್ರಮದಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ. ಆಗಿನ ಸುರಪುರ ತಾಲ್ಲೂಕಿನ ನಾರಾಯಣಪುರದಲ್ಲಿ 1982ರಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದ ಕೃಷ್ಣೆಯೇ ಕೆಳಗೆ ಹರಿದು ಆ ಸ್ಥಾವರದ ಬಾಯಾರಿಕೆ ತಣಿಸುತ್ತಾಳೆ. ಎಂಟು ಘಟಕ, 1,720 ಮೆಗಾವ್ಯಾಟ್. ನದಿ ನಮ್ಮದು, ಮುಳುಗಿದ ಹೊಲ ನಮ್ಮದು, ಹಾರುಬೂದಿ ರಾಯಚೂರಿನ ಹಳ್ಳಿಗಳದು. ಆ ಕರೆಂಟು ದೊಡ್ಡ ತಂತಿ ಹಿಡಿದು ದಕ್ಷಿಣಕ್ಕೆ ಹೋದ ಮೇಲೆ ಶಹಾಪುರದ ರೈತನಿಗೆ ಉಳಿಯುವುದು ಏಳು ತಾಸಿನ ತ್ರೀಫೇಸ್, ಅದೂ ಹಗಲು ಸ್ವಲ್ಪ, ರಾತ್ರಿ ಸ್ವಲ್ಪ. ನಡುರಾತ್ರಿ ಎದ್ದು, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದು ಕೈಯಲ್ಲಿ ಬಡಿಗೆ ಹಿಡಿದು, ಹಾವು ಚೇಳು ನೋಡಿಕೊಂಡು ಹೊಲಕ್ಕೆ ಹೋಗಿ ಮೋಟರ್ ಒತ್ತಬೇಕು. ನಗರದ ಯಾವ ಕಚೇರಿಗಾದರೂ ರಾತ್ರಿ ಎರಡಕ್ಕೆ ಕರೆಂಟು ಕೊಡುತ್ತೇವೆ, ಆಗ ಬಂದು ಕೆಲಸ ಮಾಡಿ ಎಂದು ಹೇಳಲಿ ನೋಡೋಣ!

ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ ಹುಟ್ಟಿದ್ದು 1976ರಲ್ಲಿ. ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರ ಕನಸಿನ ಎಲೆಕ್ಟ್ರಾನಿಕ್ ಸಿಟಿ 1978ರಲ್ಲಿ. ಅವರ ದೂರದೃಷ್ಟಿಯನ್ನು ನಾನು ಹಳಿಯುವುದಿಲ್ಲ. ಆದರೆ ಆಮೇಲೆ ಬೆಂಗಳೂರಿನಲ್ಲಿ ಎದ್ದ ಗಾಜಿನ ಕಟ್ಟಡಗಳಿಗೆ ಕಲ್ಲು, ಮರಳು ಹೊತ್ತವರು ಯಾರು? ಬಿತ್ತನೆ ಮುಗಿದದ್ದೇ ತಡ ಜೋಳದ ರೊಟ್ಟಿ ಗಂಟು ಕಟ್ಟಿಕೊಂಡು, ಮಕ್ಕಳ ಶಾಲೆ ಬಿಡಿಸಿ, ಯಾದಗಿರಿ ಸ್ಟೇಷನ್ನಿನಿಂದ ರೈಲು ಹತ್ತಿ ಗುಳೆ ಹೋದ ನಮ್ಮ ಜನ. ಸಾಫ್ಟ್‌ವೇರ್ ಪಾರ್ಕಿನ ಕಾಂಪೌಂಡಿಗೆ ಹತ್ತಿಕೊಂಡೇ ನೀಲಿ ತಾಡಪತ್ರಿಯ ಜೋಪಡಿ, ಅದರೊಳಗೆ ಮೀಟರಿಲ್ಲ, ನಲ್ಲಿಯಿಲ್ಲ. ಕಟ್ಟಡ ಮುಗಿದ ದಿನ ಜೋಪಡಿ ಕೀಳಿಸುತ್ತಾರೆ. ಸರ್ಕಾರ ಉದ್ಯಮ ಹಂಚುವಾಗ ನಮಗೆ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶ ಕೊಟ್ಟಿತು. ಮೂರು ಸಾವಿರ ಎಕರೆಗೂ ಹೆಚ್ಚು ಹೊಲ ಹೋಯಿತು, ಬಂದದ್ದು ರಾಸಾಯನಿಕ ಕಾರ್ಖಾನೆಗಳ ದುರ್ವಾಸನೆ.

ಕಂಪ್ಯೂಟರು ನಮ್ಮ ಹಳ್ಳಿಗೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಂದಿದೆ. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಏರಿತು, ಗ್ರಾಮ ಲೆಕ್ಕಿಗನ ದಫ್ತರದ ಹಿಡಿತ ಸಡಿಲವಾಯಿತು, ಒಳ್ಳೆಯದೇ ಆಯಿತು. ಆದರೆ ಅಡ್ಡಹೆಸರು ತಪ್ಪಾಗಿ ಟೈಪಾದವನು ತಹಸೀಲಿ ಕಚೇರಿಯ ಕಿಟಕಿಯೆದುರು ಚಪ್ಪಲಿ ಸವೆಸುವುದು ತಪ್ಪಲಿಲ್ಲ. ಮೊದಲು ‘ಸಾಹೇಬರಿಲ್ಲ’ ಎನ್ನುತ್ತಿದ್ದರು, ಈಗ ‘ಸರ್ವರ್ ಇಲ್ಲ’ ಎನ್ನುತ್ತಾರೆ. ಸಾಹೇಬನನ್ನಾದರೂ ಮನೆತನಕ ಹೋಗಿ ಬಯ್ಯಬಹುದಿತ್ತು.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83, ರಾಜ್ಯದಲ್ಲೇ ಕಡೆ. ಹೆಂಗಸರದು 41ರ ಆಸುಪಾಸು. ಅಕ್ಷರ ಕಲಿಸದ ಸರ್ಕಾರ ಹೆಬ್ಬೆಟ್ಟು ಕೇಳಿತು. ರೇಷನ್ ಅಂಗಡಿಯ ಯಂತ್ರ ಆ ಹೆಬ್ಬೆಟ್ಟನ್ನೂ ಒಪ್ಪಲಿಲ್ಲ. ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು, ಕಸ ತೆಗೆದು ಗೆರೆ ಅಳಿಸಿಹೋದ ಬೆರಳು ಅದು. ‘ಆಯಿ, ಬೆರಳ ಹತ್ತವಲ್ದು, ನಾಳಿ ಬಾ.’ ಮುದುಕಿ ಸೆರಗಿಗೆ ಬೆರಳು ತಿಕ್ಕಿ ಮತ್ತೆ ಒತ್ತುತ್ತಾಳೆ, ಉಗುಳು ಹಚ್ಚಿ ಒತ್ತುತ್ತಾಳೆ. ಕೆಂಪು ದೀಪ. ಇದು ಬೇಡರ ನಾಡು. ಏಕಲವ್ಯನ ಹೆಬ್ಬೆರಳು ಕೇಳಿದವರ ಕಥೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದ್ರೋಣ ಒಂದು ಸಲ ಕೇಳಿದ, ಈ ಯಂತ್ರ ತಿಂಗಳಿಗೊಮ್ಮೆ ಕೇಳುತ್ತದೆ.

ಇನ್ನು ಉದ್ಯೋಗ ಖಾತ್ರಿ ಕೆಲಸ. 2023ರ ಜನವರಿ 1ರಿಂದ ಹಾಜರಿಗೆ ಮೊಬೈಲ್ ಆ್ಯಪ್ ಕಡ್ಡಾಯವಾಯಿತು, ದಿನಕ್ಕೆ ಎರಡು ಫೋಟೋ. ಸುರಪುರದ ಕಡೆ ಒಂದು ಕೆರೆಯಂಗಳದಲ್ಲಿ ನಾನು ಕಂಡದ್ದು ಹೀಗೆ: ಹೆಂಗಸರು ಕೊಟ್ಟ ಅಳತೆಯಷ್ಟು ಮಣ್ಣು ಬೆಳಗ್ಗೆಯೇ ಹೊತ್ತು ಹಾಕಿದ್ದಾರೆ. ಮನೆಗೆ ಹೋಗುವಂತಿಲ್ಲ, ಎರಡನೇ ಫೋಟೋ ಆಗಬೇಕು. ಏಪ್ರಿಲ್ ಬಿಸಿಲು, ಒಂದೇ ಜಾಲಿಗಿಡದ ನೆರಳು. ಹಾಜರಿ ಹಿಡಿಯುವ ಕಾಯಕ ಬಂಧು ಹುಡುಗಿ ‘ಸಾಲಾಗಿ ನಿಂದರ್ರಿ’ ಎಂದು ಫೋನ್ ಎತ್ತುತ್ತಾಳೆ, ಚಕ್ರ ತಿರುಗುತ್ತಲೇ ಇರುತ್ತದೆ, ಅವಳು ನೆಟ್‌ವರ್ಕ್ ಹುಡುಕುತ್ತ ಏರಿ ಹತ್ತುತ್ತಾಳೆ. ಫೋಟೋ ಏರದಿದ್ದರೆ ಅವತ್ತಿನ ಕೂಲಿಗೆ ಕುತ್ತು. ಅಗೆದ ಗುಂಡಿ ಕಣ್ಣೆದುರಿಗೇ ಇದೆ. ಅದು ಸಾಕ್ಷಿಯಲ್ಲವಂತೆ, ಫೋಟೋ ಸಾಕ್ಷಿಯಂತೆ! ಕೋಟಿಗಟ್ಟಲೆ ಬಿಲ್ ಎತ್ತುವ ಗುತ್ತಿಗೆದಾರನನ್ನು ದಿನಕ್ಕೆರಡು ಸಲ ಬಿಸಿಲಲ್ಲಿ ನಿಲ್ಲಿಸಿ ಯಾರಾದರೂ ಫೋಟೋ ತೆಗೆದದ್ದುಂಟೆ?

ನಾವು ಯಂತ್ರದ ವಿರೋಧಿಗಳಲ್ಲ. ಫೋಟೋ ಏರದ ದಿನ ಕಾಗದದ ಹಾಜರಿ ಪುಸ್ತಕ ಬರೆಯಿರಿ, ಅದನ್ನು ಕೆಲಸಗಾರರ ಮುಂದೆ ಗಟ್ಟಿಯಾಗಿ ಓದಿ ಹೇಳಿ. ಬೆರಳು ಹತ್ತದಿದ್ದರೆ ಚೀಟಿ ನೋಡಿ ಅಕ್ಕಿ ಅಳೆಯಿರಿ, ಬರಿಗೈಲಿ ಕಳಿಸಿದವನ ಹೆಸರು ಪಂಚಾಯಿತಿ ಗೋಡೆಗೆ ಹಚ್ಚಿ. ಪಂಪ್‌ಸೆಟ್ಟಿನ ಏಳು ತಾಸನ್ನು ಹಗಲಿಗೇ ಕೊಡಿ. ಸರ್ವರ್ ಸತ್ತ ದಿನದ ಕೂಲಿಯನ್ನು ಸರ್ವರ್ ನಡೆಸುವವರ ಸಂಬಳದಿಂದ ಕಡಿಯಿರಿ. ಇದು ಅರ್ಜಿಯಲ್ಲ. ಇದಕ್ಕೆ ಸ್ವೀಕೃತಿ ಸಂಖ್ಯೆಯೂ ನಮಗೆ ಬೇಡ.