ಒಂದು ರಾತ್ರಿಯ ದೊರೆ



ಕಾವ್ಯದ ಪ್ರಯೋಜನಗಳನ್ನು ಎಣಿಸುವಾಗ ಮಮ್ಮಟನು ಎಲ್ಲಕ್ಕಿಂತ ಮೊದಲು ಯಶಸ್ಸನ್ನೇ ಹೇಳಿದನು. ಆದುದರಿಂದ ಹೆಸರು ಬೇಕೆಂಬ ಆಸೆಯನ್ನು ನಾವು ಹೀನವೆಂದು ಭಾವಿಸಿದವರಲ್ಲ. ಆದರೆ ಅವನ ಲೆಕ್ಕದಲ್ಲಿ ಕಾವ್ಯ ಮೊದಲು, ಯಶಸ್ಸು ಅನಂತರ. ಈ ಕ್ರಮವನ್ನು ತಲೆಕೆಳಗು ಮಾಡಿದವನೊಬ್ಬನ ಕಥೆಯನ್ನು ಹೋದ ತಿಂಗಳು ನಮ್ಮ ಕಿರಿಯ ಮಗಳೊಡನೆ ಕುಳಿತು ನೋಡಿದೆವು. ಅದು ಅಮೆರಿಕದ ಮಾರ್ಟಿನ್ ಸ್ಕಾರ್ಸೆಸಿಯವರ ‘ದಿ ಕಿಂಗ್ ಆಫ್ ಕಾಮೆಡಿ’ ಎಂಬ ಚಲಚ್ಚಿತ್ರ. 1983ರಲ್ಲಿ ಆ ದೇಶದಲ್ಲಿ ಪ್ರದರ್ಶನವಾದಾಗ ಹಾಕಿದ ಬಂಡವಾಳವೂ ಹುಟ್ಟಲಿಲ್ಲ.

ರೂಪರ್ಟ್ ಪಪ್ಕಿನ್ ಎಂಬವನು ಪ್ರಾಯ ಸಂದರೂ ತಾಯಿಯ ಮನೆಯಲ್ಲಿರುವವನು. ಖ್ಯಾತ ವಿನೋದಗಾರ ಜೆರ್ರಿ ಲ್ಯಾಂಗ್‌ಫರ್ಡನ ಆಳೆತ್ತರದ ರಟ್ಟಿನ ಚಿತ್ರದ ಪಕ್ಕದಲ್ಲಿ ಕುಳಿತು, ತಾನೂ ಪ್ರಸಿದ್ಧನಾದಂತೆ ಅದರೊಡನೆ ಸಲ್ಲಾಪ ನಡೆಸುವನು. ಸದ್ದು ಕಡಮೆ ಮಾಡೆಂದು ತಾಯಿಯ ಧ್ವನಿ ಕೇಳಿಬರುವುದು. ಆಕೆಯ ಮುಖ ಕಾಣದು. ಇನ್ನೂ ಪಳಗಬೇಕು, ಸಣ್ಣ ರಂಗಗಳಲ್ಲಿ ಆಡಿ ಬಾ ಎಂದು ಜೆರ್ರಿಯ ಕಚೇರಿಯ ಹೆಂಗಸು ವಿನಯದಿಂದಲೇ ಹೇಳುವಳು. (ಅಭ್ಯಾಸವನ್ನೂ ಮಮ್ಮಟನು ಕಾವ್ಯಹೇತುವಿನಲ್ಲಿ ಸೇರಿಸಿರುವನಷ್ಟೆ, ಆಕೆ ಅಲಂಕಾರಶಾಸ್ತ್ರವನ್ನು ಓದದೆಯೇ ಬಲ್ಲಳು!) ಇವನಿಗೆ ಅದು ಹಿಡಿಸದು. ಕಡೆಗೆ ಜೊತೆಗಾತಿಯೊಬ್ಬಳೊಡನೆ ಸೇರಿ ಜೆರ್ರಿಯನ್ನೇ ಅಪಹರಿಸಿ, ಬಿಡುಗಡೆಯ ಬೆಲೆಯಾಗಿ ಹಣವನ್ನಲ್ಲ, ದೂರದರ್ಶನದಲ್ಲಿ ಅವಕಾಶವನ್ನು ಕೇಳುವನು.

ಪ್ರಸಿದ್ಧನ ಪಾಡೂ ಸುಖದ್ದಲ್ಲ. ಬೀದಿಯಲ್ಲಿ ಹೆಂಗಸೊಬ್ಬಳು ಜೆರ್ರಿಯನ್ನು ಹೊಗಳಿ, ಆಸ್ಪತ್ರೆಯಲ್ಲಿರುವ ತನ್ನ ಬಂಧುವಿನೊಡನೆ ಟೆಲಿಫೋನಿನಲ್ಲಿ ಒಂದು ಮಾತನಾಡೆಂದು ಬೇಡುವಳು. ಅವಸರವೆಂದು ಆತ ಮುಂದೆ ನಡೆದರೆ, ನಿನಗೆ ಕ್ಯಾನ್ಸರ್ ಬರಲೆಂದು ಅದೇ ಬಾಯಿಂದ ಶಾಪ! ಈ ಪಾತ್ರವನ್ನು ವಹಿಸಿದ ಜೆರ್ರಿ ಲೂಯಿಸ್ ಸ್ವತಃ ಹೆಸರಾಂತ ಹಾಸ್ಯನಟರು. ಇಲ್ಲಿ ಅವರು ನಗುವುದೇ ಅಪರೂಪ.

ರೂಪರ್ಟನು ರಂಗವೇರಿದಾಗ ಅವನು ತೀರ ಅಯೋಗ್ಯನೇನೂ ಅಲ್ಲವೆಂಬುದು ನಮಗೆ ಆಶ್ಚರ್ಯವನ್ನುಂಟುಮಾಡಿತು. ತಂದೆತಾಯಿಯರ ಕುಡಿತ, ಶಾಲೆಯಲ್ಲಿ ತಿಂದ ಏಟು, ತಾಯಿ ಸತ್ತು ಒಂಬತ್ತು ವರ್ಷವಾಯಿತೆಂಬುದು—ಇವೇ ಅವನ ನಗೆಮಾತುಗಳು. ಸಭೆ ನಕ್ಕಿತು. ನಾವೂ ನಕ್ಕೆವು.

“ಅಪ್ಪಾ, ಹಾಗಾದರೆ ಮೊದಲು ಕೇಳಿದ ಧ್ವನಿ ಯಾರದು?” ಎಂದಳು ಮಗಳು.

ನಮ್ಮ ನಗೆ ಅಲ್ಲಿಗೆ ನಿಂತಿತು. ಸೆರೆಮನೆಯಿಂದ ಹೊರಬಂದ ರೂಪರ್ಟನ ಆತ್ಮಕಥೆ ಬಿಸಿಬಿಸಿಯಾಗಿ ಮಾರಾಟವಾದುದನ್ನೂ, ಕಡೆಯ ಆ ಚಪ್ಪಾಳೆಯನ್ನೂ ಅರೆಮನಸ್ಸಿನಿಂದ ನೋಡಿದೆವು. ಅದು ನಿಜವೋ ಅವನ ಕನಸೋ ಚಿತ್ರ ಹೇಳುವುದಿಲ್ಲ.

ನಾವು ಉಪಾಧ್ಯಾಯರಾಗಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬನು, ತಂದೆ ಕುಡಿದು ಬಂದು ಹೊಡೆಯುವುದನ್ನು ಅಣಕಿಸಿ ತರಗತಿಯನ್ನೆಲ್ಲ ನಗಿಸುತ್ತಿದ್ದನು. ಒಮ್ಮೆ ಶಬ್ದರೂಪಗಳ ಪಾಠವನ್ನು ನಿಲ್ಲಿಸಿ, ಇನ್ನೊಮ್ಮೆ ಮಾಡಿ ತೋರಿಸೆಂದು ನಾವೇ ಅವನನ್ನು ಮುಂದಕ್ಕೆ ಕರೆದೆವು. ಬೇಸಗೆಯ ರಜೆಯ ಅನಂತರ ಅವನು ಶಾಲೆಗೆ ಬರಲಿಲ್ಲ. ಏಕೆಂದು ನಾವು ವಿಚಾರಿಸಲಿಲ್ಲ. ಮಗಳಿಗೆ ಇದನ್ನು ಹೇಳಿದೆವು. “ಆಮೇಲೆ ಅವನೇನಾದ?” ಎಂದು ಆಕೆ ಕೇಳಿದಳು, ದೀಪವಾರಿಸಿ ಮಲಗಲು ಹೇಳಿದೆವು.