ಜಾತ್ರೆಗೆ ಹೊರಡುವ ಎತ್ತಿನ ಗೊರಸು

ಸುಗ್ಗಿಯ ಕಾಲ ಬಂದಿತೆಂದರೆ ನಮ್ಮ ನಾಡಿನಲ್ಲಿ ದನಗಳ ಜಾತ್ರೆಗಳು ಕೂಡುವುವು. ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದಲ್ಲಿ ಹಳ್ಳಿಕಾರ್ ತಳಿಯ ಜೋಡಿಗಳನ್ನು ನೋಡಲೆಂದೇ ಜನರು ದೂರದೂರದಿಂದ ಬರುತ್ತಾರೆ. ಅಲ್ಲಿಗೆ ಎತ್ತುಗಳನ್ನು ಹೊಡೆದುಕೊಂಡು ಹೋಗುವ ಗೃಹಸ್ಥರು ಕೊಂಬಣಸು, ಗೆಜ್ಜೆ, ಜೂಲುಗಳನ್ನು ಮರೆಯುವುದಿಲ್ಲ. ಗೊರಸನ್ನು ಮಾತ್ರ ಹೊರಡುವ ಹಿಂದಿನ ದಿನ ನೆನೆಯುತ್ತಾರೆ. ಅದರ ವಿಷಯವಾಗಿ ಈ ತಿಂಗಳು ನಾಲ್ಕು ಮಾತು ಹೇಳಬಯಸುತ್ತೇವೆ.

ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ನೋಡುವನು. ಬಳಿಕ ಎತ್ತನ್ನು ನಡೆಸಿ ನೋಡುವನು. ನಡೆಯಲ್ಲಿ ಕುಂಟು ಕಂಡಿತೋ, ಉಳಿದ ಶೃಂಗಾರವೆಲ್ಲ ವ್ಯರ್ಥ.

ಗೊರಸು ನಮ್ಮ ಉಗುರಿನಂತೆ ಸದಾ ಬೆಳೆಯುವುದು. ತಿಂಗಳಿಗೆ ಸುಮಾರು 5 ಮಿಲಿಮೀಟರ್. ದುಡಿಯುವ ಎತ್ತಿಗೆ ಅದು ತಾನೇ ಸವೆಯುವುದು. ಜಾತ್ರೆಗೆಂದು ಕೊಟ್ಟಿಗೆಯಲ್ಲಿಯೇ ಕಟ್ಟಿ ಮೇಯಿಸಿದ ಎತ್ತಿಗೆ ಮುಂದಕ್ಕೆ ಚಾಚಿಕೊಂಡು, ಮೈಭಾರ ಗೊರಸಿನ ಹಿಂಭಾಗಕ್ಕೆ ಬಿದ್ದು, ನಡೆ ಕೆಡುವುದು. ಆದುದರಿಂದ ಜಾತ್ರೆಗೆ ಎರಡು ಮೂರು ವಾರ ಮೊದಲೇ, ಕೈ ಪಳಗಿದವರಿಂದ ಗೊರಸನ್ನು ಕೆತ್ತಿಸತಕ್ಕದ್ದು. ಅತಿಯಾಗಿ ಕೆತ್ತಿದರೆ ಜೀವವುಳ್ಳ ಭಾಗಕ್ಕೆ ತಾಗಿ ನೆತ್ತರು ಬರುವುದು; ಅಡಿ ತೆಳುವಾಗಿ ಕಲ್ಲುಹಾದಿಯಲ್ಲಿ ಎತ್ತು ನೋಯುವುದು. ಮೊದಲೇ ಮಾಡಿಸಿದರೆ ಸಣ್ಣಪುಟ್ಟ ನೋವು ಮಾಯಲು ಅವಕಾಶವುಂಟು.

ಎತ್ತಿನ ಗೊರಸು ಸೀಳಾದುದರಿಂದ ನಾಲ್ಕು ಕಾಲಿಗೂ ಲಾಳ ಕಟ್ಟಿಸುವುದಾದರೆ 8 ಲಾಳಗಳು ಬೇಕು. ಕೆಡವುವ ದಿನ ಹೊಟ್ಟೆತುಂಬ ಮೇಯಿಸಬಾರದು, ನೆಲ ಮೆತ್ತಗಿರಬೇಕು. ಮೊಳೆಯು ಹೊರಗಿನ ಗಟ್ಟಿ ಪದರದಲ್ಲಿಯೇ ಹಾಯಬೇಕು. ಒಳಕ್ಕೆ ಹೊಕ್ಕರೆ ಕೀವಾಗುವುದು. ದಿನವೂ ಸೀಳಿನ ನಡುವಣ ಸೆಗಣಿ, ಕಲ್ಲುಗಳನ್ನು ತೆಗೆದು ತೊಳೆಯಬೇಕು. ಒದ್ದೆ ಕೊಟ್ಟಿಗೆಯಲ್ಲಿ ನಿಂತ ಗೊರಸು ಮೆತ್ತಗಾಗಿ ಕೊಳೆಯುವುದು.

ಮೈಗೆ ಬಿಸಿಲೇರಿದ ಮೇಲೆ ಸ್ನಾನ, ತೆಂಗಿನ ನಾರಿನಿಂದ ಉಜ್ಜುವುದು, ಇಷ್ಟು ಸಾಕು. ಕೊಂಬನ್ನು ಆಳವಾಗಿ ಹೆರೆಸುವ ರೂಢಿಯನ್ನು ನಾವು ಮೆಚ್ಚುವುದಿಲ್ಲ. ಹೊರಗವಚದ ಒಳಗೆ ನೆತ್ತರು ಹರಿಯುವ ಮೂಳೆಯುಂಟೆಂಬುದನ್ನು ಮರೆಯಬಾರದು. ಎಣ್ಣೆಬಟ್ಟೆಯಿಂದ ಒರೆಸಿದರೂ ಹೊಳಪು ಬರುವುದು.

ಬಾಯಲ್ಲಿ ಜೊಲ್ಲು, ಗೊರಸಿನ ಸೀಳಿನಲ್ಲಿ ಹುಣ್ಣು ಕಂಡರೆ ಕಾಲುಬಾಯಿ ಜ್ವರವಿರಬಹುದು. ಅಂಥ ಎತ್ತನ್ನು ಜಾತ್ರೆಗೆ ಒಯ್ಯಲೇಬಾರದು, ಪಶುವೈದ್ಯರನ್ನು ಕರೆಯಿಸಬೇಕು. ಲಸಿಕೆಯನ್ನೂ ಕೆಲವು ವಾರ ಮೊದಲೇ ಹಾಕಿಸಿರಬೇಕು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಕರ್ನಾಟಕದಲ್ಲಿ ದನಗಳ ಜಾತ್ರೆಗಳನ್ನೇ ತಡೆಯಬೇಕಾಯಿತು. ಒಂದು ಮನೆಯ ಅಲಕ್ಷ್ಯವು ನೂರು ಕೊಟ್ಟಿಗೆಗಳಿಗೆ ಹಬ್ಬಬಲ್ಲುದು.

ಬಿರಿದ ಗೊರಸಿಗೆ ಬಣ್ಣ ಬಳಿದು ಮುಚ್ಚುವುದು ಮರ್ಯಾದಸ್ಥರಿಗೆ ಸಲ್ಲದು. ಜಾತ್ರೆ ಮುಗಿದ ಮೇಲೆ ಕೊಂಬಣಸು, ಜೂಲುಗಳು ನಮ್ಮ ಮನೆಗೆ ಮರಳುವುವು. ಎತ್ತು ಕೊಂಡವನ ಹೊಲಕ್ಕೆ ಹೋಗುವುದು. ಅಲ್ಲಿ ಅದು ನೋವಿಲ್ಲದೆ ನಡೆದರೆ, ಸಾಕಿದವರ ಹೆಸರು ಆ ಊರಿನಲ್ಲಿಯೂ ನಿಲ್ಲುವುದು.